ಹೌಟನ್ ಹಾಲ್ ನೋಡಿ ಬಂದೆವು: ಇಡೀ ದಿನ ಇಟ್ಟುಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ ಇರುವವರು, ಊರಿಂದ ಬಂದ ಹಿರಿಯರನ್ನು ಈ ಸಲ ಎಲ್ಲಿಗೆ ಕರೆದುಕೊಂಡು ಹೋಗೋಣ ಅಂತ ತಲೆ ಕೆಡಿಸಿಕೊಂಡಿರುವವರು, ನಾರ್ಫೋಕ್‌ನ ಹೌಟನ್ ಹಾಲ್‌ಗೆ ಹೋಗಿ ಬನ್ನಿ. ನಾನು ಈ ದೇಶದಲ್ಲಿ ಇಂಥ ಬಂಗಲೆಗಳನ್ನು ಹತ್ತಾರು ನೋಡಿದ್ದೇನೆ. ಎಷ್ಟೋ ಕಡೆ ದೊಡ್ಡ ಹುಲ್ಲುಹಾಸು, ಗೋಡೆ ತುಂಬ ಯಾರದೋ ತಾತಂದಿರ ಚಿತ್ರ, ಆಮೇಲೆ ಟೀ ಮತ್ತು ಸ್ಕೋನ್. ಮನೆಗೆ ಬರುವಷ್ಟರಲ್ಲಿ ಯಾವ ಮನೆ ಯಾವುದು ಅಂತಲೇ ಮರೆತುಹೋಗಿರುತ್ತದೆ. ಇದು ಹಾಗಲ್ಲ. ಮುನ್ನೂರು ವರ್ಷದ ಹಿಂದೆ ಒಬ್ಬ ಜಮೀನುದಾರ ರಾಜಕೀಯಕ್ಕೆ ಇಳಿದು ಏನು ಗಳಿಸಿದ, ಹೇಗೆ ಗಳಿಸಿದ, ಕೊನೆಗೆ ಏನು ಉಳಿಯಿತು ಅನ್ನೋದು ಇಲ್ಲಿ ಮರ, ಕಲ್ಲು, ಮಂಚದಲ್ಲೇ ಕಾಣುತ್ತದೆ.

ಈ ಸಲ ನನ್ನ ಜೊತೆ ಬಂದಿದ್ದು ಮಾವ. ತಿಪಟೂರು ಕಡೆಯವರು, ತೆಂಗಿನ ತೋಟ ಇದೆ. ಹಿಂದೆ ಎರಡು ಅವಧಿ ಗ್ರಾಮ ಪಂಚಾಯಿತಿ ಅಧ್ಯಕ್ಷರಾಗಿದ್ದರು. ಲಂಡನ್ನಿನ ಗಡಿಯಾರ, ಸೇತುವೆ ಎಲ್ಲ ತೋರಿಸಿದಾಗ ಸುಮ್ನೆ ತಲೆ ಆಡಿಸಿದ್ದರು. ಇಲ್ಲಿಗೆ ಬಂದ ಮೇಲೆ ಬಾಯಿ ಬಿಟ್ಟರು. ಅವರ ಪ್ರಶ್ನೆಗಳಿಂದಲೇ ನನಗೂ ಈ ಮನೆ ಅರ್ಥವಾಗಿದ್ದು.

ಕೇಂಬ್ರಿಜ್‌ನಿಂದ ಕಿಂಗ್ಸ್ ಲಿನ್‌ಗೆ ನೇರ ರೈಲಿದೆ, ಒಂದು ಗಂಟೆಯೂ ಬೇಕಿಲ್ಲ. ಅಲ್ಲಿಂದ ಮನೆಗೆ ಸುಮಾರು 20 ಕಿಲೋಮೀಟರ್. ನಾವು ಮೊದಲೇ ಹೇಳಿಟ್ಟಿದ್ದ ಟ್ಯಾಕ್ಸಿ ನಲವತ್ತು ನಿಮಿಷ ತಡವಾಗಿ ಬಂತು, ಫೋನ್ ಮಾಡಿದರೆ ಎತ್ತಲಿಲ್ಲ. ಯಾವ ಟ್ಯಾಕ್ಸಿ ಅಂತ ಬರೆಯುವುದಿಲ್ಲ. ಕಾರು ಇದ್ದರೆ ಕಾರಿನಲ್ಲೇ ಹೋಗಿ, ಅಷ್ಟೇ.

ಆ ನಲವತ್ತು ನಿಮಿಷ ಸ್ಟೇಷನ್ ಹೊರಗೆ ಕೂತು ಮಾವನಿಗೆ ಕಥೆ ಹೇಳಿದೆ. ಮನೆ ಕಟ್ಟಿಸಿದವನು ರಾಬರ್ಟ್ ವಾಲ್‌ಪೋಲ್. ಬ್ರಿಟನ್ನಿನ ಮೊದಲ ಪ್ರಧಾನ ಮಂತ್ರಿ ಅಂತ ಎಲ್ಲರೂ ಹೇಳುವುದು ಇವನನ್ನೇ. ಆಗ ಆ ಹೆಸರಿನ ಹುದ್ದೆ ಇರಲಿಲ್ಲ, ಖಜಾನೆಯ ಮುಖ್ಯಸ್ಥ ಅಂತ ಇದ್ದ. 1676ರಲ್ಲಿ ಇದೇ ಹೌಟನ್‌ನಲ್ಲಿ, ಹಳೆಯ ಮನೆಯಲ್ಲಿ ಹುಟ್ಟಿದ. ಮನೆಗೆ ಹಿರಿಮಗನಲ್ಲ. ಕೇಂಬ್ರಿಜ್‌ನಲ್ಲಿ ಓದುತ್ತಿದ್ದಾಗ, 1698ರಲ್ಲಿ ಅಣ್ಣ ತೀರಿಕೊಂಡ. ಓದು ಬಿಟ್ಟು ಊರಿಗೆ ಬಂದ. ಎರಡು ವರ್ಷಕ್ಕೆ ಅಪ್ಪನೂ ಹೋದರು. ಅಪ್ಪನೂ ಸಂಸತ್ ಸದಸ್ಯರೇ. ಹಾಗಾಗಿ ಜಮೀನು, ಸಾಲ, ಸಂಸತ್ತಿನ ಕುರ್ಚಿ ಮೂರೂ ಒಟ್ಟಿಗೆ ಇವನ ಹೆಗಲಿಗೆ ಬಂತು. 1701ರಲ್ಲಿ ಕ್ಯಾಸಲ್ ರೈಸಿಂಗ್ ಅನ್ನುವ ಪುಟ್ಟ ಊರಿಂದ ಗೆದ್ದ. ಮರುವರ್ಷ ಕಿಂಗ್ಸ್ ಲಿನ್‌ನಿಂದ. ಆಮೇಲೆ 1742ರವರೆಗೆ ಅದೇ ಊರು, ನಡುವೆ ಒಂದು ಸಣ್ಣ ಗ್ಯಾಪ್ ಬಿಟ್ಟರೆ.

"ಆ ಗ್ಯಾಪ್ ಏನು?" ಅಂದರು ಮಾವ. ರಾಜಕೀಯ ಗೊತ್ತಿದ್ದವರು ಅಲ್ಲಿಗೇ ಕೈ ಹಾಕುತ್ತಾರೆ, ಅಲ್ವಾ. 1712ರಲ್ಲಿ ಇವನನ್ನು ಸಂಸತ್ತಿನಿಂದ ಹೊರಗೆ ಹಾಕಿ ಲಂಡನ್ ಟವರ್‌ನಲ್ಲಿ ಕೆಲವು ತಿಂಗಳು ಕೂಡಿಹಾಕಿದ್ದರು. ಸ್ಕಾಟ್ಲೆಂಡಿನಲ್ಲಿದ್ದ ಸೈನ್ಯದ ಕುದುರೆಗಳಿಗೆ ಮೇವು ಒದಗಿಸುವ ಗುತ್ತಿಗೆಯಲ್ಲಿ ದುಡ್ಡು ಹೊಡೆದಿದ್ದಾನೆ ಅನ್ನುವುದು ಆರೋಪ. ಮಾವ ಜೋರಾಗಿ ನಕ್ಕರು. "ಮೇವಿನ ಹಗರಣ ಇಲ್ಲೂ ಇತ್ತಾ!" ಎದುರು ಪಕ್ಷದವರು ಹಗೆ ತೀರಿಸಿಕೊಂಡರು ಅಂತ ಇವನ ಕಡೆಯವರ ವಾದ. ಜೈಲಿನಲ್ಲಿ ಇದ್ದಾಗಲೇ ಲಿನ್‌ನ ಮತದಾರರು ಇವನನ್ನೇ ಮತ್ತೆ ಆರಿಸಿ ಕಳಿಸಿದರು. ಸಂಸತ್ತು ಒಪ್ಪಲಿಲ್ಲ. ಮುಂದಿನ ವರ್ಷ ಗೆದ್ದು ವಾಪಸ್ ಬಂದ. 1720ರಲ್ಲಿ ಸೌತ್ ಸೀ ಕಂಪನಿಯ ಷೇರು ಬಿದ್ದು ಊರಿಗೆ ಊರೇ ಮುಳುಗಿದಾಗ, ಬೆಂಕಿ ಆರಿಸುವ ಕೆಲಸ ಇವನ ಕೈಗೆ ಬಂತು. ಲಂಚ ತಿಂದ ದೊಡ್ಡವರನ್ನು ಮರೆಮಾಡಿದ ಅಂತ ಜನ ಇವನನ್ನು "ಪರದೆ" ಅಂತ ಕರೆದರು. ಆದರೆ 1721ರಿಂದ 1742ರವರೆಗೆ ಕುರ್ಚಿ ಬಿಡಲಿಲ್ಲ. ಇಪ್ಪತ್ತು ವರ್ಷಕ್ಕೂ ಜಾಸ್ತಿ. ಆ ದಾಖಲೆ ಇವತ್ತಿಗೂ ಯಾರೂ ಮುರಿದಿಲ್ಲ.

ಗೇಟಿನ ಹತ್ತಿರ ಬಂದಾಗ ಮೊದಲು ಕಾಣುವುದು ನ್ಯೂ ಹೌಟನ್ ಊರು. ರಸ್ತೆಯ ಎರಡು ಕಡೆ ಬಿಳಿ ಬಣ್ಣದ, ಒಂದೇ ಥರದ ಪುಟ್ಟ ಮನೆಗಳು. ಎಲ್ಲರೂ ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಾರೆ. ನೀವು ಸ್ವಲ್ಪ ನಿಲ್ಲಿ. ಹಳೆಯ ಹೌಟನ್ ಊರು ಬಂಗಲೆಯ ಮಗ್ಗುಲಲ್ಲೇ ಇತ್ತು. ಹೊಸ ಮನೆಯ ಮುಂದೆ ನೋಟ ಚೆನ್ನಾಗಿರಬೇಕು, ಪಾರ್ಕ್ ದೊಡ್ಡದಾಗಬೇಕು ಅಂತ ಊರನ್ನೇ ಎಬ್ಬಿಸಿ 1729ರಲ್ಲಿ ಗೇಟಿನ ಹೊರಗೆ ಕಟ್ಟಿಸಿಕೊಟ್ಟರು. ಅದನ್ನು ಕೇಳಿ ಮಾವ ಟ್ಯಾಕ್ಸಿ ಕಿಟಕಿಯಿಂದ ಒಂದೊಂದೇ ಮನೆ ನೋಡುತ್ತಾ ಹೋದರು. "ಮನೆ ಗಟ್ಟಿಯಾಗೇ ಕಟ್ಟಿಸಿಕೊಟ್ಟಿದ್ದಾನೆ. ಆದರೆ ಬೇಡ ಅನ್ನೋ ಹಕ್ಕು ಇತ್ತೇನಮ್ಮ ಅವರಿಗೆ?" ಅಂದರು. ಎಲ್ಲರೂ ಅವನ ಒಕ್ಕಲುಗಳು. ನಾನು ಏನು ಹೇಳಲಿ.

ಇನ್ನು ಮನೆ. 1722ರಲ್ಲಿ ಅಡಿಗಲ್ಲು ಹಾಕಿದ್ದು. ಕುರ್ಚಿ ಸಿಕ್ಕ ಮರುವರ್ಷ! ಕಾಲಿನ್ ಕ್ಯಾಂಪ್‌ಬೆಲ್, ಜೇಮ್ಸ್ ಗಿಬ್ಸ್ ಅನ್ನುವ ಆ ಕಾಲದ ದೊಡ್ಡ ಆರ್ಕಿಟೆಕ್ಟ್‌ಗಳು ನಕ್ಷೆ ಮಾಡಿದರು. ಒಳಗಿನ ಅಲಂಕಾರ ವಿಲಿಯಂ ಕೆಂಟ್‌ನದು. ಕಲ್ಲು ಯಾರ್ಕ್‌ಷೈರ್‌ನ ವಿಟ್ಬಿ ಹತ್ತಿರದ ಗಣಿಯಿಂದ ತರಿಸಿದ್ದು. ತೆಳು ಜೇನಿನ ಬಣ್ಣ, ಮಧ್ಯಾಹ್ನದ ಬಿಸಿಲಿಗೆ ಬೆಚ್ಚಗೆ ಕಾಣುತ್ತದೆ. ನಾಲ್ಕು ಮೂಲೆಯಲ್ಲಿ ನಾಲ್ಕು ಗುಮ್ಮಟ.

ಒಳಗೆ ಹೋಗುವ ಮುಂಚೆ ಒಂದು ವಿಷಯ ತಿಳಿದಿರಲಿ, ಆಗ ನೋಡುವ ಖುಷಿಯೇ ಬೇರೆ. ಈ ಮನೆಯಲ್ಲಿ ಎರಡು ಮಹಡಿಗೆ ಎರಡು ಕೆಲಸ. ಕೆಳಗಿನದು ಊರಿನವರಿಗೆ. ಬೇಟೆ ಮುಗಿಸಿ ಕೆಸರು ಕಾಲಲ್ಲಿ ಬರುವವರು, ಪಾದ್ರಿಗಳು, ಸುತ್ತಮುತ್ತಲ ಸಣ್ಣ ಜಮೀನುದಾರರು, ಕುಡಿತ, ಗದ್ದಲ, ವ್ಯವಹಾರ ಎಲ್ಲ ಅಲ್ಲಿ. ಮೇಲಿನದು ದೊಡ್ಡವರಿಗೆ, ತೋರಿಕೆಗೆ. ಸಂಸತ್ತಿಗೆ ರಜೆ ಬಂದಾಗ ವಾಲ್‌ಪೋಲ್ ಇಲ್ಲಿಗೆ ಬಂದು ವಾರಗಟ್ಟಲೆ ಔತಣ ಇಡುತ್ತಿದ್ದ. ಮಂತ್ರಿಗಳೂ ಇಲ್ಲಿಗೇ ಬರುತ್ತಿದ್ದರು. ಜನ ಅದಕ್ಕೆ "ನಾರ್ಫೋಕ್ ಕಾಂಗ್ರೆಸ್" ಅಂತ ಹೆಸರಿಟ್ಟಿದ್ದರು. ದೇಶದ ಎಷ್ಟೋ ಮಾತುಕತೆ ಈ ಕೋಣೆಗಳಲ್ಲಿ, ಊಟದ ನಡುವೆ ಆಗಿದ್ದು.

ಮೇಲಿನ ಮಹಡಿಯ ಮೊದಲ ಕೋಣೆ ಸ್ಟೋನ್ ಹಾಲ್. 40 ಅಡಿ ಉದ್ದ, 40 ಅಡಿ ಅಗಲ, 40 ಅಡಿ ಎತ್ತರ. ಕಲ್ಲಿನ ಪೆಟ್ಟಿಗೆಯೊಳಗೆ ನಿಂತ ಹಾಗೆ. ಸಣ್ಣಗೆ ಮಾತಾಡಿದರೂ ಮೇಲಕ್ಕೆ ಹೋಗಿ ಕೇಳಿಸುತ್ತದೆ. ಸುತ್ತ ರೋಮನ್ನರ ತಲೆಗಳ ಶಿಲ್ಪ. ಅವುಗಳ ನಡುವೆ ವಾಲ್‌ಪೋಲ್‌ನದೂ ಒಂದು, ಶಿಲ್ಪಿ ರೈಸ್‌ಬ್ರಾಕ್ ಮಾಡಿದ್ದು. ಹತ್ತಿರ ಹೋಗಿ ನೋಡಿ. ರೋಮನ್ನರ ಹಾಗೆ ಬಟ್ಟೆ ಹೊದ್ದಿದ್ದಾನೆ, ಆದರೆ ಅದರ ಮೇಲೆ ಗಾರ್ಟರ್ ಪದವಿಯ ನಕ್ಷತ್ರ ಇದೆ! 1726ರಲ್ಲಿ ರಾಜ ಕೊಟ್ಟ ಬಿರುದು ಅದು. ಮುಖ ತುಂಬಿಕೊಂಡಿದೆ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಊಟ ಮಾಡಿ ಸುಖವಾಗಿ ಕೂತ ಯಜಮಾನನ ಮುಖ. ನನಗೆ ಆ ಮುಖ ಇಷ್ಟವಾಯಿತು, ನಿಜ ಹೇಳಬೇಕೆಂದರೆ.

ಅಲ್ಲೇ ಮಾವನ ಮುಖ್ಯ ಪ್ರಶ್ನೆ ಬಂತು. "ಇವನಿಗೆ ಓಟು ಹಾಕಿದವರು ಎಷ್ಟು ಜನ?" ಕೋಣೆಯಲ್ಲಿದ್ದ ಗೈಡ್ ಹಿರಿಯ ಹೆಂಗಸು. ನಾನು ಅನುವಾದ ಮಾಡಿ ಕೇಳಿದೆ. ಆಕೆ ಎಷ್ಟು ಖುಷಿಯಿಂದ ವಿವರಿಸಿದರು ಅಂದರೆ ಹದಿನೈದು ನಿಮಿಷ ಅಲ್ಲೇ ನಿಂತೆವು. ಲಿನ್‌ನಂಥ ಬಂದರು ಊರಿನಲ್ಲೇ ಮತದಾರರು ಕೆಲವು ನೂರು ಮಂದಿ ಅಷ್ಟೇ. ಕ್ಯಾಸಲ್ ರೈಸಿಂಗ್ ಇನ್ನೂ ಚಿಕ್ಕದು, ಆದರೂ 1832ರಲ್ಲಿ ರದ್ದಾಗುವವರೆಗೆ ಇಬ್ಬರು ಸದಸ್ಯರನ್ನು ಕಳಿಸುತ್ತಿತ್ತು. ಓಟು ಗುಟ್ಟಿನದಲ್ಲ, ಎಲ್ಲರ ಎದುರು ಬಾಯಿ ಬಿಟ್ಟು ಹೇಳಬೇಕು. ಗುಟ್ಟಿನ ಮತದಾನ ಬಂದಿದ್ದು 1872ರಲ್ಲಿ. ಸಂಸತ್ ಸದಸ್ಯರಿಗೆ ಸಂಬಳವೂ ಇಲ್ಲ, ಅದು ಶುರುವಾಗಿದ್ದು 1911ರಲ್ಲಿ. ಮೇಲಾಗಿ ಚುನಾವಣೆಗೆ ನಿಲ್ಲಬೇಕಾದರೆ ಜಮೀನಿನಿಂದ ವರ್ಷಕ್ಕೆ ಇಂತಿಷ್ಟು ಆದಾಯ ಇರಬೇಕು ಅಂತ 1711ರಲ್ಲೇ ಕಾನೂನು ಮಾಡಿದ್ದರು. ಊರಿನ ಸ್ಥಾನಕ್ಕೆ 300 ಪೌಂಡ್, ಕೌಂಟಿಯ ಸ್ಥಾನಕ್ಕೆ 600.

ಮಾವ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು, "ನನ್ನ ವಾರ್ಡಿಗೇ ಇದಕ್ಕಿಂತ ಜಾಸ್ತಿ ಓಟಿತ್ತು. ಒಬ್ಬೊಬ್ಬರ ಮನೆಗೂ ಎರಡೆರಡು ಸಲ ಹೋಗಿದ್ದೆ. ಇಲ್ಲಿ ಮತದಾರರೇ ಇವನ ಮನೆಗೆ ಬಂದು ಉಂಡು ಹೋಗಿದ್ದಾರೆ." ಅದು ಹೌದು. ಕೆಳಗಿನ ಮಹಡಿ ಯಾಕೆ ಅಷ್ಟು ದೊಡ್ಡದು ಅಂತ ನನಗೆ ಆಗ ಹೊಳೆಯಿತು.

ಮರದ ಕೆಲಸ ತಪ್ಪಿಸಬೇಡಿ. ದೊಡ್ಡ ಮೆಟ್ಟಿಲು, ಮೇಲಿನ ಕೋಣೆಗಳ ಬಾಗಿಲು ಎಲ್ಲ ಮಹಾಗನಿ. ಕೆಂಪು ಕಂದು ಬಣ್ಣ, ಕೆತ್ತನೆಯ ಅಂಚು ಈಗ ತಾನೇ ಉಳಿ ಇಟ್ಟ ಹಾಗೆ ಚೂಪಾಗಿದೆ. ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಇಷ್ಟೊಂದು ಮಹಾಗನಿ ಒಂದೇ ಮನೆಯಲ್ಲಿ ಇರುವುದು ಅಪರೂಪ. ಎಲ್ಲಿಂದ ಬಂತು? 1721ರಲ್ಲಿ ಒಂದು ಕಾಯ್ದೆ ಬಂತು, ಅಮೆರಿಕ ಮತ್ತು ಕೆರಿಬಿಯನ್ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕ ತೆಗೆದುಹಾಕಿದರು. ಹಡಗು ಕಟ್ಟಲು ಮರ ಬೇಕು ಅನ್ನುವುದು ಕಾರಣ. ಮಹಾಗನಿಯೂ ಅದರ ಜೊತೆಗೇ ಬಂತು. ಸುಂಕ ತೆಗೆದ ಸರ್ಕಾರ ಇವನದು, ಬಾಗಿಲೂ ಇವನದು. ಆ ಮರಗಳನ್ನು ಜಮೈಕಾದಂಥ ಕಡೆ ಕಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಬಾಗಿಲ ಮುಂದೆ ನಿಂತು ಇಷ್ಟು ಚಂದದ ಕೆಲಸ ಅಂತ ಮೆಚ್ಚುವಾಗಲೇ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಎರಡೂ ನಿಜ, ಎರಡನ್ನೂ ಹೇಳಬೇಕು ಅಂತ ಬರೆದೆ.

ಊಟದ ಕೋಣೆಗೆ ಮಾರ್ಬಲ್ ಪಾರ್ಲರ್ ಅಂತ ಹೆಸರು. ದ್ರಾಕ್ಷಿ ಗೊಂಚಲು, ಬಳ್ಳಿ, ಮದ್ಯದ ದೇವರು ಬ್ಯಾಕಸ್‌ನಿಗೆ ಬಲಿ ಕೊಡುವ ದೃಶ್ಯ ಎಲ್ಲ ಅಮೃತಶಿಲೆಯಲ್ಲಿ ಕೆತ್ತಿದ್ದಾರೆ. ವಾಲ್‌ಪೋಲ್ ಒಂದೊಂದು ವರ್ಷ ವೈನ್‌ಗೇ ಸಾವಿರ ಪೌಂಡ್ ದಾಟಿಸಿದ್ದ. ಆಗ ಹೊಲದಲ್ಲಿ ದುಡಿಯುವ ಕೂಲಿಯಾಳಿಗೆ ವರ್ಷಕ್ಕೆ ಸಿಗುತ್ತಿದ್ದುದು ಹದಿನೈದು, ಇಪ್ಪತ್ತು ಪೌಂಡ್. ನಾವು ಕಟ್ಟಿಕೊಂಡು ಹೋಗಿದ್ದ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿಯನ್ನು ಹೊರಗೆ ಬೆಂಚಿನ ಮೇಲೆ ಕೂತು ತಿಂದೆವು. ಕುದುರೆ ಲಾಯ ಇದ್ದ ಕಟ್ಟಡದಲ್ಲಿ ಕೆಫೆ ಇದೆ. ಟೀ ಅಲ್ಲೇ ಕುಡಿದೆವು, ಬಿಸಿಯಾಗಿ ಚೆನ್ನಾಗಿತ್ತು.

ಈಗ ಮಂಚದ ವಿಷಯ. ಇದಕ್ಕಾಗಿಯೇ ಇನ್ನೊಂದು ಸಲ ಹೋಗುತ್ತೇನೆ. ಹಸಿರು ವೆಲ್ವೆಟ್ ಮಲಗುವ ಕೋಣೆ. ಕೆಂಟ್ ನಕ್ಷೆ ಮಾಡಿದ ಮಂಚ. ತಲೆ ಕಡೆ ಆಳೆತ್ತರಕ್ಕೂ ಮೀರಿದ ಒಂದು ಚಿಪ್ಪು, ಸಮುದ್ರದ ಚಿಪ್ಪು, ಇಡೀ ವೆಲ್ವೆಟ್‌ನಲ್ಲಿ ಹೊಲಿದಿದ್ದು. ಅದರ ಪ್ರತಿ ಮಡಿಕೆಯ ಅಂಚಿಗೂ ಚಿನ್ನದ ಸರಿಗೆ. ಹಸಿರು ಅಲ್ಲಲ್ಲಿ ಮಾಸಿ ಪಾಚಿಯ ಬಣ್ಣಕ್ಕೆ ತಿರುಗಿದೆ, ಸರಿಗೆ ಮಾತ್ರ ಇನ್ನೂ ಮಿನುಗುತ್ತದೆ. ನಮ್ಮ ಕಡೆ ಅಜ್ಜಿಯ ಕಾಲದ ರೇಷ್ಮೆ ಸೀರೆ ಪೆಟ್ಟಿಗೆಯಿಂದ ತೆಗೆದಾಗ ಬಟ್ಟೆ ಜೀರ್ಣವಾಗಿ ಜರಿ ಮಾತ್ರ ಗಟ್ಟಿಯಾಗಿ ಉಳಿದಿರುತ್ತದಲ್ಲ, ಹಾಗೆ. ಈ ಸರಿಗೆಯೊಂದಕ್ಕೇ 1732ರಲ್ಲಿ ಕೊಟ್ಟ ಬಿಲ್ಲು 1,219 ಪೌಂಡ್, ಚಿಲ್ಲರೆ. ಮಂಚಕ್ಕಲ್ಲ, ಬಟ್ಟೆಗಲ್ಲ, ಬರೀ ಸರಿಗೆಗೆ! ಇಡೀ ಮನೆಗೆ ಎಷ್ಟು ಖರ್ಚಾಯಿತು ಅಂತ ಯಾರಿಗೂ ತಿಳಿಯಬಾರದು ಅಂತ ವಾಲ್‌ಪೋಲ್ ಬಿಲ್ಲುಗಳನ್ನು ಸುಟ್ಟುಹಾಕಿಸಿದ ಎನ್ನುತ್ತಾರೆ. ಆದರೆ ಮಂಚದ ಸರಿಗೆಯ ಲೆಕ್ಕ ಉಳಿದುಬಿಟ್ಟಿದೆ. ಮಾವ ಪೌಂಡನ್ನು ಕೂಲಿಗೆ ಭಾಗಿಸಿ ಲೆಕ್ಕ ಹಾಕಿದರು, ಅಲ್ಲೇ ನಿಂತು, ಬೆರಳಲ್ಲಿ. ಅರವತ್ತು, ಎಂಬತ್ತು ಆಳುಗಳ ಒಂದು ವರ್ಷದ ಕೂಲಿ.

ಹಾಗಾದರೆ ದುಡ್ಡು ಎಲ್ಲಿಂದ? ಅಪ್ಪ ಬಿಟ್ಟುಹೋದ ಜಮೀನಿನ ಗೇಣಿ ವರ್ಷಕ್ಕೆ ಸುಮಾರು 2,000 ಪೌಂಡ್. ಅದರಿಂದ ಈ ಮನೆ ಏಳುವುದಿಲ್ಲ. ಇವನು ಎರಡು ಸಲ ಸೈನ್ಯದ ಬಟವಾಡೆ ಅಧಿಕಾರಿ ಆಗಿದ್ದ. ಆ ಕಾಲದಲ್ಲಿ ಆ ಹುದ್ದೆಯಲ್ಲಿದ್ದವರು ಸರ್ಕಾರದ ದುಡ್ಡನ್ನು ತಮ್ಮ ಖಾತೆಯಲ್ಲೇ ಇಟ್ಟುಕೊಂಡು, ಖರ್ಚಾಗುವವರೆಗೆ ಅದರಿಂದ ಲಾಭ ಮಾಡಿಕೊಳ್ಳಬಹುದಿತ್ತು. ಅದು ತಪ್ಪು ಅಂತ ಕಾನೂನು ಹೇಳುತ್ತಿರಲಿಲ್ಲ. ಮಕ್ಕಳಿಗೆ ಖಜಾನೆಯಲ್ಲಿ ಕೆಲಸವೇ ಇಲ್ಲದ, ಸಂಬಳ ಮಾತ್ರ ಇರುವ ಹುದ್ದೆಗಳನ್ನು ಜೀವಮಾನಕ್ಕೆ ಕೊಡಿಸಿದ. ಭಾವಂದಿರೂ ರಾಜಕೀಯದಲ್ಲೇ. ಪಕ್ಕದ ರೇನಮ್ ಹಾಲ್‌ನ ಚಾರ್ಲ್ಸ್ ಟೌನ್‌ಶೆಂಡ್ ತಂಗಿ ಡಾರತಿಯ ಗಂಡ, ಈಟನ್ ಶಾಲೆಯ ಗೆಳೆಯ, ಸರ್ಕಾರದಲ್ಲಿ ಜೊತೆಗಾರ. ಟರ್ನಿಪ್ ಗೆಡ್ಡೆ ಬೆಳೆಸಿ ಹೆಸರು ಮಾಡಿದವನು ಅವನೇ. ಹೌಟನ್ ಮೇಲೆ ಏಳುತ್ತಾ ಹೋದಂತೆ ಇಬ್ಬರ ನಡುವೆ ಬಿಗುವು ಬೆಳೆಯಿತು. 1730ರಲ್ಲಿ ಟೌನ್‌ಶೆಂಡ್ ರಾಜೀನಾಮೆ ಕೊಟ್ಟು ಹೊಲಕ್ಕೆ ಮರಳಿದ.

ವಾಲ್‌ಪೋಲ್‌ನ ಬಗ್ಗೆ ಒಳ್ಳೆಯದೂ ಹೇಳಬೇಕು. ಇಪ್ಪತ್ತು ವರ್ಷ ದೇಶವನ್ನು ಆದಷ್ಟು ಯುದ್ಧದಿಂದ ದೂರ ಇಟ್ಟ, ಜಮೀನಿನ ತೆರಿಗೆ ಇಳಿಸಿದ. ರಾಜ ಡೌನಿಂಗ್ ಸ್ಟ್ರೀಟ್‌ನ ಮನೆ ಕೊಡಲು ಬಂದಾಗ, ನನಗೆ ಬೇಡ, ಖಜಾನೆಯ ಹುದ್ದೆಯಲ್ಲಿ ಯಾರು ಇರುತ್ತಾರೋ ಅವರಿಗಿರಲಿ ಅಂದ. 10ನೇ ನಂಬರಿನ ಮನೆ ಇವತ್ತಿಗೂ ಹಾಗೇ ನಡೆದುಕೊಂಡು ಬಂದಿದೆ. ದೊಡ್ಡ ಪದವಿ ತೆಗೆದುಕೊಂಡು ಮೇಲ್ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ, ಕುರ್ಚಿ ಬಿಡುವವರೆಗೂ ಜನರ ಸಭೆಯಲ್ಲೇ ಕೂತ. ದುಡ್ಡಿನ ಮಸೂದೆ ಅಲ್ಲೇ ಹುಟ್ಟುವುದು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕೆಂಪು ಬಟ್ಟೆ ಹೊದಿಸಿದ ಗೋಡೆಗಳ ಸಲೂನ್ ಕೋಣೆಯಲ್ಲಿ ಮಾತ್ರ ನನಗೆ ಬೇಜಾರಾಯಿತು. ಇಲ್ಲಿ, ಅಕ್ಕಪಕ್ಕದ ಕೋಣೆಗಳಲ್ಲಿ ರೂಬೆನ್ಸ್, ರೆಂಬ್ರಾಂಟ್, ವ್ಯಾನ್ ಡೈಕ್, ಪುಸ್ಸಾನ್ ಅವರ ಚಿತ್ರಗಳಿದ್ದವು. ವಾಲ್‌ಪೋಲ್ 1745ರಲ್ಲಿ ಸಾಯುವಾಗ ನಲವತ್ತು ಸಾವಿರ ಪೌಂಡ್‌ಗೂ ಮೀರಿದ ಸಾಲ ಇತ್ತು. ಮೊಮ್ಮಗ ಜಾರ್ಜ್ ಅದನ್ನು ತೀರಿಸಲಿಲ್ಲ, ಬೆಳೆಸಿದ. 1773ರಲ್ಲಿ ಕಿರಿಮಗ ಹೊರೇಸ್ ಬಂದು ನೋಡಿದಾಗ ಮನೆ ಹಾಳುಬಿದ್ದಿತ್ತು. 1777ರಲ್ಲಿ ಜಾನ್ ವಿಲ್ಕ್ಸ್ ಸಂಸತ್ತಿನಲ್ಲಿ ಎದ್ದು ನಿಂತು, ಈ ಚಿತ್ರಗಳನ್ನು ದೇಶವೇ ಕೊಂಡುಕೊಳ್ಳಲಿ, ಬ್ರಿಟಿಷ್ ಮ್ಯೂಸಿಯಂ ಆವರಣದಲ್ಲಿ ಗ್ಯಾಲರಿ ಕಟ್ಟಲಿ ಅಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1779ರಲ್ಲಿ ರಷ್ಯಾದ ರಾಣಿ ಕ್ಯಾಥರೀನ್ ಇನ್ನೂರಕ್ಕೂ ಹೆಚ್ಚು ಚಿತ್ರಗಳನ್ನು ಸುಮಾರು 40,000 ಪೌಂಡ್‌ಗೆ ಒಟ್ಟಿಗೇ ಕೊಂಡುಬಿಟ್ಟಳು. ಇವತ್ತು ಅವುಗಳಲ್ಲಿ ಬಹಳಷ್ಟು ಸೇಂಟ್ ಪೀಟರ್ಸ್‌ಬರ್ಗ್‌ನ ಹರ್ಮಿಟೇಜ್‌ನಲ್ಲಿವೆ. 2013ರಲ್ಲಿ ಒಂದಷ್ಟು ಚಿತ್ರಗಳನ್ನು ಕೆಲವು ತಿಂಗಳ ಮಟ್ಟಿಗೆ ವಾಪಸ್ ತಂದು ಇದೇ ಕೋಣೆಗಳಲ್ಲಿ ನೇತುಹಾಕಿದ್ದರು. ನಾನು ಆಗ ಈ ದೇಶದಲ್ಲಿ ಇರಲಿಲ್ಲ. ಆ ಕೊರಗು ಇದೆ.

ಈಗಿನ ಮಾಲೀಕರದು ಚಮ್ಲಿ ಮನೆತನ. ಹೆಸರನ್ನು ಬರೆಯುವುದು ಮಾರುದ್ದ, ಕರೆಯುವುದು ಇಷ್ಟೇ. ವಾಲ್‌ಪೋಲ್‌ನ ಮಗಳ ಕಡೆಯಿಂದ 1797ರಲ್ಲಿ ಅವರಿಗೆ ಬಂತು. ಮನೆಯನ್ನು ತುಂಬ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಐದು ಎಕರೆಯ ಗೋಡೆ ಕಟ್ಟಿದ ತೋಟ ಇದೆ, ಗುಲಾಬಿ ಕಾಲದಲ್ಲಿ ಹೋದರೆ ಅಲ್ಲೇ ಒಂದು ಗಂಟೆ ಬೇಕು. ತೋಟದೊಳಗೆ ಒಂದು ನೀರಿನ ಚಿಲುಮೆಯ ತುದಿಯಲ್ಲಿ ಬೆಂಕಿ ಉರಿಯುತ್ತದೆ, ಮಕ್ಕಳು ಅಲ್ಲಿಂದ ಕದಲುವುದೇ ಇಲ್ಲ. 20,000 ಆಟಿಕೆ ಸೈನಿಕರ ಮ್ಯೂಸಿಯಂ ಕೂಡ ಇದೆ. ಪಾರ್ಕಿನಲ್ಲಿ ಬಿಳಿ ಜಿಂಕೆಗಳ ಹಿಂಡು. ಜಿಂಕೆ ಅಂದರೆ ಅರ್ಧ ಮೈಲಿ ದೂರದಲ್ಲಿ ಕಾಣುವ ಚುಕ್ಕೆ ಅಂದುಕೊಂಡಿದ್ದೆ, ನಮಗೆ ಐವತ್ತು ಹೆಜ್ಜೆಯಲ್ಲಿ ಮೇಯುತ್ತಿದ್ದವು.

ಹೊರಡುವ ಮುಂಚೆ ಪಾರ್ಕಿನೊಳಗಿನ ಸೇಂಟ್ ಮಾರ್ಟಿನ್ ಚರ್ಚ್‌ಗೆ ನಡೆದೆವು. ಊರನ್ನು ಎಬ್ಬಿಸಿದಾಗ ಚರ್ಚನ್ನು ಎಬ್ಬಿಸಲಿಲ್ಲ. ಈಗ ಹುಲ್ಲಿನ ನಡುವೆ ಅದೊಂದೇ ನಿಂತಿದೆ, ಸುತ್ತ ಮನೆ ಇಲ್ಲ. ವಾಲ್‌ಪೋಲ್‌ನನ್ನು ಹೂಳಿದ್ದು ಇಲ್ಲೇ. ಅಷ್ಟು ದೊಡ್ಡ ಮನೆ ಕಟ್ಟಿಸಿದವನಿಗೆ ಒಳಗೆ ಒಂದು ದೊಡ್ಡ ಸ್ಮಾರಕವೂ ಇಲ್ಲ. ಮಾವ ಚಪ್ಪಲಿ ಬಿಟ್ಟು ಒಳಗೆ ಹೋಗಿ ಸ್ವಲ್ಪ ಹೊತ್ತು ಕೂತರು. ಹೊರಗೆ ಬಂದು ಕೇಳಿದ್ದು ಒಂದೇ, ಆ ಬಿಳಿ ಮನೆಯವರು ಭಾನುವಾರ ಇಷ್ಟು ದೂರ ನಡೆದು ಬರಬೇಕಿತ್ತಾ ಅಂತ.

ಹೋಗುವವರಿಗೆ: ಮನೆ ವರ್ಷವಿಡೀ ತೆರೆದಿರುವುದಿಲ್ಲ, ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ, ಅದೂ ವಾರದ ಕೆಲವೇ ದಿನ. ಅವರ ವೆಬ್‌ಸೈಟ್ ನೋಡಿ ಮೊದಲೇ ಟಿಕೆಟ್ ಮಾಡಿಸಿ. ತೋಟಕ್ಕೆ ಮಾತ್ರ ಅಂತ ಹೋಗಬೇಡಿ, ಮನೆಯ ಒಳಗೂ ಹೋಗಿ. ಕೋಣೆಗಳಲ್ಲಿರುವ ಗೈಡ್‌ಗಳನ್ನು ಕೇಳದೆ ಬಿಡಬೇಡಿ, ಕೇಳಿದರೆ ಬಾಯಿ ತುಂಬ ಹೇಳುತ್ತಾರೆ. ಹಿರಿಯರು ಜೊತೆಗಿದ್ದರೆ ಬೆಳಿಗ್ಗೆಯೇ ತಲುಪಿ, ನಡೆಯುವುದು ಜಾಸ್ತಿ ಇದೆ. ನನ್ನ ಕಡೆಯಿಂದ ಐದಕ್ಕೆ ಐದು. ಮಾವ ಊರಿಗೆ ಫೋನ್ ಮಾಡಿದಾಗ ಅತ್ತೆಗೆ ಹೇಳಿದ್ದು ಆ ಮಂಚದ ಸರಿಗೆಯ ವಿಷಯವನ್ನೇ, ಪೌಂಡಿನ ಲೆಕ್ಕ ಸಮೇತ.